ಹಿತ್ತಿಲಿನ ಈಜುಕೊಳವನ್ನು ತೆಗೆಸಬೇಕಾಗಿದೆ: ಒಡೆದು ಮುಚ್ಚುವುದೋ, ಬುಡಸಹಿತ ಕೀಳಿಸುವುದೋ?

ಹಿತ್ತಿಲಬಾಗಿಲು, ಬಾರ್ದೇಶ (ಗೋವಾ) — ಫೆಬ್ರವರಿ 24

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವನು. ನಿವೃತ್ತಿಯ ನಂತರ ಬಾರ್ದೇಶ ತಾಲ್ಲೂಕಿನಲ್ಲಿ, ಮಾಪುಸಾ ಪೇಟೆಗೆ ಅಷ್ಟೇನೂ ದೂರವಲ್ಲದ ಹಳ್ಳಿಯೊಂದರಲ್ಲಿ, ಚಿರೆಕಲ್ಲಿನ ಗೋಡೆಯೂ ಮಂಗಳೂರು ಹೆಂಚಿನ ಮಾಡೂ ಇರುವ ಹಳೆಯ ಮನೆಯೊಂದನ್ನು ಕೊಂಡು ಒಂದೂವರೆ ವರ್ಷವಾಯಿತು. ಹಿಂದಿನ ಮಾಲೀಕರು ಈ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದುದರಿಂದ ಹಿತ್ತಿಲಿನಲ್ಲಿ ಒಂದು ಈಜುಕೊಳವನ್ನು ಕಟ್ಟಿಸಿದ್ದರು. ಮನೆ ನೋಡಲು ಬಂದ ದಿನ ಆ ನೀಲಿ ನೀರು ನಮಗೂ ಚೆಂದವೆನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ಇಷ್ಟು ದಿನಗಳಲ್ಲಿ ನಾನು ಅದರೊಳಗೆ ಇಳಿದಿರುವುದು ಎರಡೇ ಸಲ, ಅದೂ ಬಿದ್ದ ತೆಂಗಿನ ಗರಿಯನ್ನು ಎತ್ತುವುದಕ್ಕೆ.

ಪಂಪಿನ ವಿದ್ಯುತ್ ಬಿಲ್ಲು, ಕ್ಲೋರಿನ್ ಪುಡಿ, ವಾರಕ್ಕೆರಡು ಬಾರಿ ಬಂದು ಪಾಚಿ ತಿಕ್ಕುವ ಹುಡುಗನ ಸಂಬಳ, ಇವೆಲ್ಲ ಸೇರಿ ಯಾರೂ ಬಳಸದ ವಸ್ತುವಿಗೆ ತಿಂಗಳು ತಿಂಗಳು ಹಣ ಹೋಗುತ್ತಿದೆ. ಅದಕ್ಕಿಂತ ದೊಡ್ಡ ಚಿಂತೆ ಮೂರು ವರ್ಷದ ಮೊಮ್ಮಗನದು. ರಜೆಗೆ ಅವನು ಬಂದಾಗಲೆಲ್ಲ ಅಡುಗೆಮನೆಯ ಹಿಂಬಾಗಿಲಿಗೆ ಬೀಗ ಹಾಕಿಕೊಂಡು ಕೂರಬೇಕಾಗುತ್ತದೆ. ಆದ್ದರಿಂದ ಕೊಳವನ್ನು ತೆಗೆಸಿಯೇಬಿಡುವುದೆಂದು ಮನೆಯವರೆಲ್ಲರೂ ಒಪ್ಪಿದ್ದೇವೆ.

ಅಳತೆಗಳನ್ನು ಹೇಳಿಬಿಡುತ್ತೇನೆ. ಉದ್ದ 8 ಮೀಟರ್, ಅಗಲ 4 ಮೀಟರ್, ಆಳ ಒಂದು ತುದಿಯಲ್ಲಿ 1.2 ಮೀಟರ್ ಇದ್ದು ಇನ್ನೊಂದು ತುದಿಗೆ 1.8 ಮೀಟರ್ ಆಗುತ್ತದೆ. ಸರಳು ಹಾಕಿದ ಕಾಂಕ್ರೀಟಿನ ತೊಟ್ಟಿ, ಒಳಗೆ ಗಾಜಿನ ಮೊಸಾಯಿಕ್ ಬಿಲ್ಲೆಗಳು. ಮನೆಯ ಹಿಂಗೋಡೆಯಿಂದ 6 ಮೀಟರ್ ದೂರ, ಬಾವಿಯಿಂದ ಸುಮಾರು 12 ಮೀಟರ್. ಹಿತ್ತಿಲಿಗೆ ಬರುವ ಗೇಟು ಏಳು ಅಡಿಯೂ ಇಲ್ಲ. ಜೆಸಿಬಿ ಒಳಗೆ ಬರಲಾರದು.

ಇದುವರೆಗೆ ಮೂರು ಸಲಹೆಗಳು ಬಂದಿವೆ. ಒಬ್ಬ ಗುತ್ತಿಗೆದಾರರು, ನೀರು ಖಾಲಿ ಮಾಡಿ ಮಣ್ಣು ಸುರಿದರೆ ನಾಲ್ಕು ದಿನದ ಕೆಲಸವೆಂದರು. ಇನ್ನೊಬ್ಬರು ಕಾಂಕ್ರೀಟಿನ ಒಂದು ಚೂರೂ ಉಳಿಯದಂತೆ ಕಿತ್ತು ಹೊರಗೆ ಸಾಗಿಸಬೇಕೆಂದು ಹೇಳಿ, ಮೊದಲನೆಯವರ ಮೂರು ಪಟ್ಟು ಮೊತ್ತವನ್ನು ಕೇಳಿದರು. ಪಕ್ಕದ ಮನೆಯವರು, ಈಗ ಬರೀ ಖಾಲಿ ಮಾಡಿಸಿ ಬಿಡಿ, ಮಳೆಗಾಲ ಕಳೆದ ಮೇಲೆ ನಿಧಾನವಾಗಿ ಯೋಚಿಸಿದರಾಯಿತು ಎನ್ನುತ್ತಾರೆ. ಮೂರನೆಯದಕ್ಕೆ ಖರ್ಚು ಕಡಿಮೆಯಾದ್ದರಿಂದ ಮನಸ್ಸು ಅತ್ತಲೇ ವಾಲುತ್ತಿದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಮುರಕಲ್ಲು, ಮಡಗಾಂವ್ — ಫೆಬ್ರವರಿ 24

ಮಾನ್ಯರೇ, ಮೂರು ಸಲಹೆಗಳಲ್ಲಿ ಅತ್ಯಂತ ಅಗ್ಗವಾಗಿ ಕಾಣುವ ಮೂರನೆಯದೇ ಅತ್ಯಂತ ಅಪಾಯಕಾರಿಯಾದದ್ದು. ಖಾಲಿ ಮಾಡಿದ ಕೊಳವನ್ನು ಗೋವಾದ ಮಳೆಗಾಲದಲ್ಲಿ ಹಾಗೆಯೇ ಬಿಡಬೇಡಿ. ನಾನು ಸಿವಿಲ್ ಇಂಜಿನಿಯರ್. ಈ ಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಮನೆ, ತೊಟ್ಟಿ, ಕಾಂಪೌಂಡುಗಳ ಕೆಲಸವನ್ನೇ ಮಾಡುತ್ತಿದ್ದೇನೆ. ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲವಾದ್ದರಿಂದ ತಾವು ಕೊಟ್ಟ ಅಳತೆಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ.

ತಮ್ಮ ಕೊಳದ ಸರಾಸರಿ ಆಳ 1.5 ಮೀಟರ್. ಅಂದರೆ ಅದರಲ್ಲಿರುವ ನೀರು 48 ಘನ ಮೀಟರ್, 48 ಸಾವಿರ ಲೀಟರ್, ತೂಕದಲ್ಲಿ 48 ಟನ್. ಗೋಡೆಯೂ ತಳವೂ 20 ಸೆಂಟಿಮೀಟರ್ ದಪ್ಪವೆಂದು ಹಿಡಿದರೆ ಒಟ್ಟು ಕಾಂಕ್ರೀಟು 15 ಘನ ಮೀಟರಿಗೆ ತುಸು ಕಡಿಮೆಯಾಗುತ್ತದೆ. ಘನ ಮೀಟರಿಗೆ 2.5 ಟನ್ನಿನಂತೆ ಅದರ ತೂಕ ಸುಮಾರು 37 ಟನ್. ಆದರೆ ಆ ತೊಟ್ಟಿ ನೆಲದೊಳಗೆ ಆಕ್ರಮಿಸಿರುವ ಜಾಗ ಸುಮಾರು 63 ಘನ ಮೀಟರ್. ಸುತ್ತಲಿನ ಅಂತರ್ಜಲ ನೆಲಮಟ್ಟಕ್ಕೆ ಬಂದರೆ ಅದು ತೊಟ್ಟಿಯನ್ನು 63 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಒಳಗೆ ನೀರಿದ್ದಾಗ 37ಕ್ಕೆ 48 ಸೇರಿ 85 ಟನ್ ಭಾರವಿರುವುದರಿಂದ ತೊಟ್ಟಿ ಕದಲುವುದಿಲ್ಲ. ಖಾಲಿಯಾಗಿದ್ದರೆ ಅದೊಂದು ಕಾಂಕ್ರೀಟಿನ ದೋಣಿ, ಅಷ್ಟೇ. ಇದೇ ಲೆಕ್ಕದಂತೆ ಅಂತರ್ಜಲ ತಳದ ಕೆಳಮೈಯಿಂದ ಒಂದು ಮೀಟರ್ ಮೇಲೇರಿದರೆ, ಅಂದರೆ ನೆಲದಿಂದ 70 ಸೆಂಟಿಮೀಟರ್ ಕೆಳಗಿನ ಮಟ್ಟಕ್ಕೆ ಬಂದರೆ, ಭಾರ ಮತ್ತು ನೂಕುಬಲ ಸಮವಾಗುತ್ತವೆ. ಪಕ್ಕದ ಮಣ್ಣಿನ ಹಿಡಿತ ಸ್ವಲ್ಪ ತಡೆಯಬಹುದು. ಆದರೆ ಮಳೆಯಲ್ಲಿ ನೆನೆದ ಮಣ್ಣಿನ ಹಿಡಿತವನ್ನು ನೆಚ್ಚಿಕೊಂಡು ಯಾರೂ ಲೆಕ್ಕ ಹಾಕುವುದಿಲ್ಲ. ಸಾಮಾನ್ಯವಾಗಿ ಆಳದ ತುದಿ ಮೊದಲು ಏಳುತ್ತದೆ, ತೊಟ್ಟಿ ಓರೆಯಾಗುತ್ತದೆ, ಪೈಪುಗಳು ತುಂಡಾಗುತ್ತವೆ. ಒಮ್ಮೆ ಎದ್ದ ತೊಟ್ಟಿಯನ್ನು ಮತ್ತೆ ಕೂರಿಸುವ ಮಾತೇ ಇಲ್ಲ.

ಕೆಲವು ಕೊಳಗಳ ತಳದಲ್ಲಿ, ಮುಖ್ಯ ಚರಂಡಿಯ ಜಾಲರಿಯ ಕೆಳಗೆ, ಹೊರಗಿನ ನೀರಿನ ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಂಡು ನೀರನ್ನು ಒಳಗೆ ಬಿಡುವ ಒಂದು ವಾಲ್ವ್ ಇರುತ್ತದೆ. ಬಾಡಿಗೆ ಮನೆಗಳ ಹಿತ್ತಿಲಲ್ಲಿ ಅವಸರದಿಂದ ಕಟ್ಟಿದ ಕೊಳಗಳಲ್ಲಿ ನಾನು ಅದನ್ನು ಅಪರೂಪವಾಗಿ ಕಂಡಿದ್ದೇನೆ. ಇದ್ದರೂ ವರ್ಷಗಳಿಂದ ಸುಣ್ಣ ಕಟ್ಟಿಕೊಂಡಿರುವ ವಾಲ್ವನ್ನು ನಂಬಿ ಕೂರಬಾರದು.

ಹಾಗಾದರೆ ಯಾವಾಗ ಖಾಲಿ ಮಾಡಬೇಕು? ಇದಕ್ಕೆ ಉತ್ತರ ತಮ್ಮ ಬಾವಿಯಲ್ಲೇ ಇದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ, ನೆಲಮಟ್ಟದಿಂದ ನೀರು ಎಷ್ಟು ಕೆಳಗಿದೆ ಎಂಬುದನ್ನು ಅಳೆಯಿರಿ. ಕಟ್ಟೆಯ ಎತ್ತರವನ್ನು ಕಳೆಯಲು ಮರೆಯಬೇಡಿ. ಆಳದ ತುದಿಯಲ್ಲಿ ತಳದ ಕೆಳಮೈ ನೆಲದಿಂದ 2 ಮೀಟರ್ ಕೆಳಗಿದೆ. ಬಾವಿಯ ನೀರು ಅದಕ್ಕಿಂತ ಬಹಳ ಕೆಳಗಿದ್ದರೆ ನಿಶ್ಚಿಂತೆಯಿಂದ ಖಾಲಿ ಮಾಡಬಹುದು. ಮಾರ್ಚಿಯಿಂದ ಮೇ ಮಧ್ಯದವರೆಗಿನ ಅವಧಿಯೇ ಇದಕ್ಕೆ ಸರಿಯಾದ ಕಾಲ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯಿತೆಂದರೆ, ವರ್ಷಕ್ಕೆ ಹತ್ತಿರಹತ್ತಿರ 3000 ಮಿಲಿಮೀಟರ್ ಸುರಿಯುವ ಈ ನೆಲದಲ್ಲಿ, ತೂತುತೂತಾದ ಚಿರೆಕಲ್ಲಿನ ಮೂಲಕ ನೀರು ಎಷ್ಟು ಬೇಗ ಮೇಲೇರುತ್ತದೆ ಎಂಬುದನ್ನು ತಮ್ಮ ಬಾವಿಯೇ ತೋರಿಸಿಕೊಟ್ಟಿರಬೇಕು.

ಇನ್ನು ಒಡೆಯುವ ವಿಚಾರ. ತಾವು ಆ ಜಾಗದಲ್ಲಿ ಮುಂದೆ ಕಟ್ಟಡ ಕಟ್ಟುವುದಾದರೆ ಮಾತ್ರ ಎರಡನೆಯ ಗುತ್ತಿಗೆದಾರರ ದಾರಿ, ಅಂದರೆ ಎಲ್ಲವನ್ನೂ ಕಿತ್ತು ಸಾಗಿಸಿ ಪದರಪದರವಾಗಿ ಗಟ್ಟಿ ಮಾಡಿದ ಮಣ್ಣನ್ನು ತುಂಬುವುದು, ಅಗತ್ಯ. ತೋಟ, ಹುಲ್ಲು, ತರಕಾರಿ ಮಡಿ ಸಾಕೆಂದರೆ ಗೋಡೆಗಳ ಮೇಲಿನ 60 ಸೆಂಟಿಮೀಟರನ್ನು ಒಡೆದು, ತಳವನ್ನು ಸೀಳಿ, ಮುಚ್ಚಿದರೆ ಸಾಕು. ಮೊದಲನೆಯ ಗುತ್ತಿಗೆದಾರರು ತಳ ಒಡೆಯುವ ಮಾತನ್ನು ಎತ್ತಿದ್ದಾರೆಯೇ ಎಂದು ಕೇಳಿ. ಎತ್ತಿಲ್ಲವಾದರೆ ಅವರಿಗೆ ಈ ಕೆಲಸವನ್ನು ಕೊಡಬೇಡಿ. ತಳ ಒಡೆಯದೆ ಮಣ್ಣು ಸುರಿದರೆ ತಾವು ಹಿತ್ತಿಲಿನ ನಡುವೆ ತೂತಿಲ್ಲದ ಹೂಕುಂಡವೊಂದನ್ನು ಹೂತಂತಾಗುತ್ತದೆ.

ಕ್ರಮ ಹೀಗಿರಲಿ. ಒಂದು ವಾರ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿದರೆ ಬಿಸಿಲಿಗೆ ಅದು ಹಾರಿಹೋಗುತ್ತದೆ. ಆ ಮೇಲೂ ನೀರನ್ನು ಬಾವಿಯ ಕಡೆಗೆ ಬಿಡಬಾರದು. ಉಪ್ಪಿನ ಕೊಳವಾಗಿದ್ದರೆ, ಅಂದರೆ ನೀರಿಗೆ ಹಾಕಿದ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವಂಥದ್ದಾಗಿದ್ದರೆ, ತೋಟಕ್ಕೂ ಬಿಡಬಾರದು. ಒಡೆಯುವ ಮುನ್ನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪಂಪು ಮತ್ತು ನೀರೊಳಗಿನ ದೀಪಗಳ ಕೇಬಲ್ಲನ್ನು ಮುಖ್ಯ ಪೆಟ್ಟಿಗೆಯಲ್ಲೇ ಬಿಚ್ಚಿಸಿ. ಬರೀ ಸ್ವಿಚ್ ಆರಿಸಿದರೆ ಸಾಲದು. ನಂತರ ಮೊದಲ ಏಟು ಆಳದ ತುದಿಯ ತಳಕ್ಕೆ ಬೀಳಲಿ. ಅಲ್ಲಿ ಎರಡು ಅಡಿ ಚೌಕದ ತೂತು ಬಿದ್ದ ಕ್ಷಣದಿಂದ ತೊಟ್ಟಿ ಏಳುವ ಭಯವೇ ತಪ್ಪುತ್ತದೆ. ಆಮೇಲೆ ಒಂದೂವರೆ ಮೀಟರಿಗೊಂದರಂತೆ ತಳದುದ್ದಕ್ಕೂ ತೂತುಗಳನ್ನು ಮಾಡಿಸಿ.

ಜೆಸಿಬಿ ಬರಲಾರದೆಂದು ಬೇಸರಪಡಬೇಡಿ. ತಮ್ಮ ಮನೆಗೆ ಅದು ಒಳ್ಳೆಯದೇ ಆಯಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಚಿರೆಕಲ್ಲಿನ ಗೋಡೆಗಳಿಗೆ ಕಾಂಕ್ರೀಟು ಒಡೆಯುವ ದೊಡ್ಡ ಬ್ರೇಕರ್ ಯಂತ್ರದ ನಡುಕ ಒಗ್ಗುವುದಿಲ್ಲ. ಎರಡು ಮೀಟರ್ ಆಳದ ಗುಂಡಿ ಆರು ಮೀಟರ್ ದೂರವಿರುವುದರಿಂದ ಅಡಿಪಾಯ ಕುಸಿಯುವ ಭಯವಿಲ್ಲ. ಭಯವಿರುವುದು ಕಂಪನದ್ದು, ಹೆಂಚು ಜಾರುವುದರದ್ದು. ಕೈಯಲ್ಲಿ ಹಿಡಿಯುವ ಬ್ರೇಕರುಗಳಿಂದ ನಾಲ್ಕೈದು ಜನ ಒಂದು ವಾರದೊಳಗೆ ಮುಗಿಸುತ್ತಾರೆ. ಮೊದಲು ಮನೆಯ ಗೋಡೆಗಳ ಬಿರುಕುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ತುಂಬುವಾಗ ಅಡಿಯಲ್ಲಿ ಒಡೆದ ಕಾಂಕ್ರೀಟು ಮತ್ತು ಚಿರೆಕಲ್ಲಿನ ಚೂರು, ಅದರ ಮೇಲೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಕೆಂಪು ಮಣ್ಣು. ಬಟ್ಟೆ ಹಾಸದಿದ್ದರೆ ಮಳೆಗೊಮ್ಮೆ ಮಣ್ಣು ಚೂರುಗಳ ಸಂದಿಗೆ ಇಳಿದು ಮೇಲೆ ಗುಳಿ ಬೀಳುತ್ತದೆ. ಮಣ್ಣನ್ನು 15ರಿಂದ 20 ಸೆಂಟಿಮೀಟರಿನ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ಯಂತ್ರದಿಂದ ದಮ್ಮಸು ಹಾಕಿಸಬೇಕು. ನಾಲ್ಕು ದಿನದ ಗುತ್ತಿಗೆದಾರರು ಬಿಟ್ಟುಬಿಡುವುದು ಇದನ್ನೇ. ದಮ್ಮಸಿಗೆ ಮಣ್ಣು ಕುಗ್ಗುವುದರಿಂದ ಗುಂಡಿಯ ಗಾತ್ರಕ್ಕಿಂತ ಕಾಲು ಭಾಗ ಹೆಚ್ಚಿಗೆ ಬೇಕಾಗುತ್ತದೆ; ತಮ್ಮ ಲೆಕ್ಕಕ್ಕೆ 58 ಘನ ಮೀಟರ್ ಸಡಿಲ ಮಣ್ಣು, ಅಂದರೆ ಮೂರು ಘನ ಮೀಟರಿನ ಸಣ್ಣ ಟಿಪ್ಪರಿನಲ್ಲಿ ಸುಮಾರು ಇಪ್ಪತ್ತು ಲೋಡು. ಮರದ ಹಲಗೆ, ತೆಂಗಿನ ಕೊರಡು, ಪೈಪು ಏನನ್ನೂ ಒಳಗೆ ಸೇರಿಸಲು ಬಿಡಬೇಡಿ. ಮರ ಕೊಳೆತರೆ ಪೊಳ್ಳು ಉಳಿಯುತ್ತದೆ, ಅದಕ್ಕೂ ಮೊದಲು ಗೆದ್ದಲು ಬಂದು ಮನೆಯ ತೊಲೆಗಳ ದಾರಿ ಹಿಡಿಯುತ್ತದೆ.

ಕರಿಮಣ್ಣು, ಪಾಷಾಣ, ಪುಣೆ — ಫೆಬ್ರವರಿ 25

ಮುರಕಲ್ಲು ಅವರು ಹೇಳಿದ ಹೂಕುಂಡವನ್ನು ನಾನು ಸ್ವತಃ ಹೂತವನು. ಆದ್ದರಿಂದ ಎರಡು ಮಾತು ಬರೆಯುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ನಮ್ಮ ಮಾವನವರು ಕಟ್ಟಿಸಿದ್ದ ಸಣ್ಣ ಕೊಳವೊಂದು ನಮ್ಮ ಬಂಗಲೆಯ ಹಿಂದೆ ಇತ್ತು. ಅವರು ತೀರಿಕೊಂಡ ಮೇಲೆ ಅದರತ್ತ ಯಾರೂ ಹೋಗುತ್ತಿರಲಿಲ್ಲ. 2019ರ ಏಪ್ರಿಲಿನಲ್ಲಿ ಒಬ್ಬ ಗುತ್ತಿಗೆದಾರನಿಗೆ ವಹಿಸಿದೆ. ಅಂಚಿನ ಕಡಪಾ ಕಲ್ಲುಗಳನ್ನು ಕಿತ್ತು, ಹತ್ತಿರದಲ್ಲೇ ಕಟ್ಟಡವೊಂದರ ಪಾಯ ತೋಡುತ್ತಿದ್ದ ಕಡೆಯಿಂದ ಬಿಟ್ಟಿಯಾಗಿ ಸಿಕ್ಕ ಕರಿಮಣ್ಣನ್ನು ತಂದು ಸುರಿದು, ಮೇಲೆ ಹುಲ್ಲು ಹಾಸಿ, ಆರನೆಯ ದಿನ ಅವನು ಹಣ ಪಡೆದು ಹೋದ. ತಳವನ್ನು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ಪುಣೆಯಲ್ಲಿ ಮಳೆ ಗೋವಾದಷ್ಟೆಲ್ಲಿ ಬರುತ್ತದೆ ಎಂಬ ಧೈರ್ಯ.

ಆ ವರ್ಷದ ಸೆಪ್ಟೆಂಬರ್ 25ರ ರಾತ್ರಿಯನ್ನು ಪುಣೆಯವರು ಯಾರೂ ಮರೆತಿರಲಾರರು. ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಹರಿದು ಊರಿನ ದಕ್ಷಿಣ ಭಾಗದಲ್ಲಿ ಜೀವಗಳೇ ಹೋದವು; ಅದರ ಮುಂದೆ ನಮ್ಮ ಹುಲ್ಲಿನ ಕಥೆ ಏನೂ ಅಲ್ಲ. ಆದರೆ ಮಳೆಗಾಲದುದ್ದಕ್ಕೂ ಒಳಗೆ ಇಳಿದ ನೀರಿಗೆ ಹೊರಹೋಗುವ ದಾರಿ ಇಲ್ಲದೆ, ದೀಪಾವಳಿಯ ಹೊತ್ತಿಗೆ ಹಿತ್ತಿಲು ಕಾಲಿಟ್ಟರೆ ಹೂಳುವ ಕೆಸರುಗದ್ದೆಯಾಗಿತ್ತು. ಅಂಚಿನಲ್ಲಿದ್ದ ಪೇರಲೆ ಗಿಡ ಬೇರು ಕೊಳೆತು ಒಣಗಿತು. ಬೇಸಿಗೆಯಲ್ಲಿ ಇನ್ನೊಂದು ಬಗೆಯ ತೊಂದರೆ. ಉತ್ತರ ಕರ್ನಾಟಕದವರಿಗೆ ಎರೆಮಣ್ಣಿನ ಗುಣವನ್ನು ಹೇಳಬೇಕಾಗಿಲ್ಲ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಕೈ ತೂರುವಷ್ಟು ಬಿರುಕುಗಳು ಬಂದು, ನೆಲ ಒಂದು ಗೇಣು ಕುಸಿದು, ಮುಚ್ಚಿದ ಕೊಳದ ಆಕಾರವೇ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ವಿಜಾಪುರದಲ್ಲಿ ಹುಟ್ಟಿ ಬೆಳೆದ ನಾನು ಬಿಟ್ಟಿ ಸಿಕ್ಕಿತೆಂದು ಎರೆಮಣ್ಣನ್ನು ತುಂಬಲು ಒಪ್ಪಿದೆನೆಂದರೆ ನಮ್ಮ ತಂದೆಯವರು ಇದ್ದಿದ್ದರೆ ಏನೆನ್ನುತ್ತಿದ್ದರೋ.

ಕೊನೆಗೆ ಎರಡು ಕಡೆ ಮೂರಡಿ ಚೌಕದ ಗುಂಡಿಗಳನ್ನು ತಳದವರೆಗೆ ತೋಡಿಸಿ, ಕಾಂಕ್ರೀಟನ್ನು ಒಡೆಸಿ, ಕೆಳಗಿನ ಮುರುಮ್ (ನೀರು ಇಂಗುವ ಗರಸು ಮಣ್ಣು) ಕಾಣುವವರೆಗೆ ಇಳಿದು, ಬಟ್ಟೆಯಲ್ಲಿ ಸುತ್ತಿದ ಜಲ್ಲಿಯನ್ನು ತುಂಬಿಸಿದೆ. ಮೇಲಿನ ಎರಡು ಅಡಿ ಎರೆಮಣ್ಣನ್ನು ತೆಗೆಸಿ ಮುರುಮ್ ಹಾಕಿಸಿ ದಮ್ಮಸು ಮಾಡಿಸಿದೆ. ಈಗ ನೀರು ನಿಲ್ಲುವುದಿಲ್ಲ. ಎರಡನೆಯ ಸಲದ ಖರ್ಚು ಮೊದಲನೆಯದಕ್ಕಿಂತ ಹೆಚ್ಚಾಯಿತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮಣ್ಣನ್ನು ಇಲ್ಲಿ ಬ್ರಾಸಿನ ಲೆಕ್ಕದಲ್ಲಿ ಕೊಡುತ್ತಾರೆ, ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಲಾರಿಯವನು ಎರಡು ಬ್ರಾಸ್ ಎಂದು ಹೇಳಿದ್ದನ್ನು ಟೇಪು ಹಿಡಿದು ಅಳೆದೇ ನಂಬಬೇಕು.

ಹಿತ್ತಿಲಬಾಗಿಲು, ಬಾರ್ದೇಶ — ಫೆಬ್ರವರಿ 26

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಇಂದು ಬೆಳಿಗ್ಗೆ ಬಾವಿಯನ್ನು ಅಳೆದೆ. ಕಟ್ಟೆಯ ಎತ್ತರವನ್ನು ಕಳೆದರೆ ನೀರು ನೆಲಮಟ್ಟದಿಂದ 4.1 ಮೀಟರ್ ಕೆಳಗಿದೆ. ಕಳೆದ ಜುಲೈಯಲ್ಲಿ ಕೊಡ ಕಟ್ಟಿದ ಹಗ್ಗವನ್ನು ಮೂರೇ ಮೊಳ ಬಿಟ್ಟರೆ ನೀರು ಸಿಗುತ್ತಿದ್ದುದು ಈಗ ನೆನಪಾಗಿ ಮೈ ಜುಮ್ಮೆಂದಿತು. ಮೊದಲನೆಯ ಗುತ್ತಿಗೆದಾರರಿಗೆ ತಳ ಒಡೆಯುವ ಬಗ್ಗೆ ಕೇಳಿದಾಗ, ಅದರ ಅಗತ್ಯವೇ ಇಲ್ಲ, ಹತ್ತು ಕೊಳಗಳನ್ನು ಹೀಗೆಯೇ ಮುಚ್ಚಿದ್ದೇನೆ ಎಂದರು. ಅವರಿಗೆ ನಮಸ್ಕಾರ ಹೇಳಿ ಫೋನ್ ಇಟ್ಟೆ.

ಮನೆಯಾಕೆಯದೊಂದು ಪ್ರಶ್ನೆ ಇದೆ. ಇಷ್ಟು ಗಟ್ಟಿಯಾದ ತೊಟ್ಟಿಯನ್ನು ಒಡೆಯುವ ಬದಲು ಮೇಲೆ ಸ್ಲ್ಯಾಬ್ ಹಾಕಿಸಿ ಮಾಡಿನ ಮಳೆನೀರನ್ನು ಸಂಗ್ರಹಿಸುವ ಟ್ಯಾಂಕಾಗಿ ಮಾಡಬಾರದೇಕೆ? ಏಪ್ರಿಲ್ ಮೇ ತಿಂಗಳಲ್ಲಿ ನಮಗೆ ನೀರಿನ ಅಭಾವವಾಗುತ್ತದೆ.

ಬೋಗನ್‌ವಿಲ್ಲಾ, ವಾಸ್ಕೋ — ಫೆಬ್ರವರಿ 26

ಅಕ್ಕನವರ ಯೋಚನೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಮೂವತ್ತು ವರ್ಷ ಆರೋಗ್ಯ ಇಲಾಖೆಯ ಕೆಲಸದಲ್ಲಿ ಮನೆಮನೆಯ ಟ್ಯಾಂಕುಗಳಿಗೆ ಟಾರ್ಚು ಬಿಟ್ಟು ನೋಡಿದವಳಾದ ನನಗೆ ಮೊದಲು ಕಾಣುವುದು ಸೊಳ್ಳೆ. ಗೋವಾದ ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಕೊಳಚೆ ನೀರು ಬೇಕಾಗಿಲ್ಲ. ಬಾವಿ, ಟ್ಯಾಂಕು, ಕಟ್ಟಡಗಳಲ್ಲಿ ಹೊಸ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರು, ಇಂಥ ತಿಳಿನೀರೇ ಅದಕ್ಕೆ ಇಷ್ಟ. ಡೆಂಗಿ ತರುವ ಈಡಿಸ್ ಸೊಳ್ಳೆಗೂ ಅಷ್ಟೇ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಪಂಪು ನಿಂತು ಕ್ಲೋರಿನ್ ಹೋದ ಈಜುಕೊಳ ಮಳೆನೀರಿನಲ್ಲಿ ಅರ್ಧ ತುಂಬಿತೆಂದರೆ ಇಡೀ ಕೇರಿಗೆ ಸಾಕಾಗುವಷ್ಟು ಸೊಳ್ಳೆ ಅಲ್ಲೇ ಹುಟ್ಟುತ್ತದೆ.

ಆದ್ದರಿಂದ ತಾವು ಯಾವ ದಾರಿ ಹಿಡಿದರೂ, ಕ್ಲೋರಿನ್ ನಿಲ್ಲಿಸಿದ ದಿನದಿಂದ ನೀರು ಪೂರ್ತಿ ಹೋಗುವ ದಿನದವರೆಗಿನ ಅವಧಿ ಒಂದು ವಾರವನ್ನು ಮೀರದಿರಲಿ. ಗುತ್ತಿಗೆದಾರರು ಬರುವುದು ತಡವಾದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ ಗಪ್ಪಿ ಮೀನುಗಳನ್ನು ತಂದು ಬಿಡಿ. ಆದರೆ ಕ್ಲೋರಿನ್ ಪೂರ್ತಿ ಹೋದ ಮೇಲೆ, ಇಲ್ಲವಾದರೆ ಮೀನುಗಳೇ ಸಾಯುತ್ತವೆ. ಟ್ಯಾಂಕನ್ನಾಗಿ ಮಾಡುವುದಾದರೆ ಮುಚ್ಚಳದ ಸಂದಿ, ಗಾಳಿಯ ಪೈಪು, ಹೆಚ್ಚುವರಿ ನೀರು ಹೋಗುವ ಬಾಯಿ, ಇವೆಲ್ಲಕ್ಕೂ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ಹಾಕಿಸುವವರು ಹಲವರು, ಹರಿದ ಜಾಲರಿಯನ್ನು ಬದಲಾಯಿಸಿದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ.

ಮುರಕಲ್ಲು, ಮಡಗಾಂವ್ — ಫೆಬ್ರವರಿ 27

ಟ್ಯಾಂಕು ಅಸಾಧ್ಯವೇನಲ್ಲ. 120 ಚದರ ಮೀಟರಿನ ಮಾಡಿನ ಮೇಲೆ ಬೀಳುವ ಮಳೆಯಲ್ಲಿ ಶೇಕಡಾ 80ರಷ್ಟು ಕೈಗೆ ಸಿಕ್ಕಿದರೂ ವರ್ಷಕ್ಕೆ 2.88 ಲಕ್ಷ ಲೀಟರ್ ಆಗುತ್ತದೆ, ತಮ್ಮ ತೊಟ್ಟಿಯ ಆರು ಪಟ್ಟು. ತೊಡಕಿರುವುದು ಬೇರೆ ಕಡೆ. ಜೂನ್ ಮುಗಿಯುವ ಮೊದಲೇ ತುಂಬುವ ತೊಟ್ಟಿ ಸೆಪ್ಟೆಂಬರಿನವರೆಗೆ, ನೀರಿನ ಅಗತ್ಯವೇ ಇಲ್ಲದ ಕಾಲದಲ್ಲಿ, ತುಳುಕುತ್ತಿರುತ್ತದೆ. ಬೇಸಿಗೆಗೆ ಉಳಿಯುವುದು 48 ಸಾವಿರ ಲೀಟರ್ ಮಾತ್ರ. ದಿನಕ್ಕೆ 500 ಲೀಟರ್ ಬಳಸಿದರೆ ಮೂರು ತಿಂಗಳಿಗೆ ಸಾಕು ಎನ್ನಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಮೀಟರ್ ಅಗಲಕ್ಕೆ ಸ್ಲ್ಯಾಬ್ ಹಾಕಿಸುವ ಖರ್ಚು ಕೊಳವನ್ನು ಮುಚ್ಚುವ ಖರ್ಚಿಗಿಂತ ಕಡಿಮೆಯಾಗುವುದಿಲ್ಲ. 15 ಸೆಂಟಿಮೀಟರಿನ ಸ್ಲ್ಯಾಬು ಸುಮಾರು 14 ಟನ್ ತೂಗಿದರೂ ಒಟ್ಟು ಭಾರ 51 ಟನ್ನಿಗೆ ನಿಲ್ಲುತ್ತದೆ, ನೂಕುಬಲ 63 ಟನ್. ಹಾಗಾಗಿ ಟ್ಯಾಂಕು ಮಾಡಿದ ಮೇಲೂ ಮಳೆಗಾಲದಲ್ಲಿ ತೊಳೆಯಲೆಂದು ಖಾಲಿ ಮಾಡುವಂತಿಲ್ಲ. ಈ ಮಾತನ್ನು ತಮ್ಮ ನಂತರ ಮನೆಯಲ್ಲಿ ಇರುವವರಿಗೆ ಯಾರು ನೆನಪಿಸುತ್ತಾರೆ? ಹಿತ್ತಿಲಿನಲ್ಲಿ ಬಾವಿ ಇರುವವರು ಮಾಡಿನ ನೀರನ್ನು ಸೋಸಿ ಇಂಗುಗುಂಡಿಗೆ ಇಳಿಸುವುದೇ ಮೇಲೆಂಬುದು ನನ್ನ ಅಭಿಪ್ರಾಯ. ತಳ ಒಡೆದ ಕೊಳದ ಒಂದು ಮೂಲೆಯನ್ನು ಜಲ್ಲಿ ತುಂಬಿಸಿ ಆ ಗುಂಡಿಯಾಗಿಯೇ ಉಳಿಸಿಕೊಳ್ಳಬಹುದು.

ಕಾಗದಪತ್ರಗಳ ಬಗ್ಗೆ ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಂಜೂರಾದ ನಕ್ಷೆಯಲ್ಲಿ ಕೊಳ ಇದೆಯೇ ಎಂದು ನೋಡಿ, ಪಂಚಾಯತಿಯ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಮುಂದೆ ಮನೆಯನ್ನು ಮಾರುವ ದಿನ ಬಂದರೆ, ಹೂತ ಕಾಂಕ್ರೀಟು ಎಲ್ಲಿ ಎಷ್ಟು ಆಳದಲ್ಲಿದೆ ಎಂಬ ನಕ್ಷೆಯೂ ಫೋಟೋಗಳೂ ಕೈಯಲ್ಲಿರಬೇಕು. ಕೊಳ್ಳುವವರಿಗೆ ಹೇಳದೆ ಮುಚ್ಚಿಡುವುದು ತರವಲ್ಲ. ಮಣ್ಣು ಎಲ್ಲಿಂದ ಬರುತ್ತದೆ ಎಂಬುದನ್ನೂ ವಿಚಾರಿಸಿ. ತುಂಬಲು ಬಳಸುವ ಸಾಮಾನ್ಯ ಮಣ್ಣೂ 2000ನೇ ಇಸವಿಯಿಂದ ಕಲ್ಲು, ಮರಳಿನಂತೆ ಉಪಖನಿಜಗಳ ಪಟ್ಟಿಯಲ್ಲಿದೆ. ಗೋವಾದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಗುಡ್ಡ ಕಡಿಯುವುದೂ ತಗ್ಗು ಭೂಮಿಯನ್ನು ತುಂಬುವುದೂ ಅಪರಾಧ. ರಾತ್ರಿ ಹನ್ನೊಂದಕ್ಕೆ ಬರುವ ಅಗ್ಗದ ಟಿಪ್ಪರಿನ ಮಣ್ಣು ಯಾವ ಗುಡ್ಡದ್ದೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ತಮ್ಮಲ್ಲಿ ಮಿಕ್ಕ ಕಾಂಕ್ರೀಟು ಚೂರನ್ನು ಹೊತ್ತ ಟೆಂಪೊ ಯಾವುದೋ ಖಾಜಾನ್ ಗದ್ದೆಯ (ಉಬ್ಬರದ ನೀರನ್ನು ಬದು ಕಟ್ಟಿ ತಡೆದ ತಗ್ಗು ಗದ್ದೆ) ಬದುವಿನಲ್ಲಿ ಖಾಲಿಯಾಗದಂತೆ ನೋಡಿಕೊಳ್ಳಿ. ಒಡೆದದ್ದಷ್ಟನ್ನೂ ತಳಕ್ಕೇ ಹಾಕಿದರೆ ಸಾಗಿಸುವ ಪ್ರಶ್ನೆಯೇ ಬರುವುದಿಲ್ಲ. ಸರಳುಗಳನ್ನು ಮಾತ್ರ ಕತ್ತರಿಸಿ ತೆಗೆಯಿರಿ, ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಹಿತ್ತಿಲಬಾಗಿಲು, ಬಾರ್ದೇಶ — ಜುಲೈ 19

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಒಂದು ಮಳೆಗಾಲವನ್ನಾದರೂ ನೋಡಿದ ಮೇಲೆ ಬರೆಯೋಣವೆಂದು ಕಾದಿದ್ದೆ.

ಮಾರ್ಚ್ ಕೊನೆಯ ವಾರದಲ್ಲಿ ನೀರನ್ನು ಹೊರಹಾಕಿಸಿದೆವು. ಒಡೆಯಲು ಬಂದ ಐವರೂ ಬಾಗಲಕೋಟೆ ಜಿಲ್ಲೆಯವರು, ಝುವಾರಿನಗರದಲ್ಲಿ ಇರುವವರು; ಅವರ ಕನ್ನಡ ಕೇಳಿ ಮನೆಯಾಕೆ ಮೊದಲ ದಿನವೇ ಜೋಳದ ರೊಟ್ಟಿ ಬಡಿದಳು. ಮುಖ್ಯ ಚರಂಡಿಯ ಜಾಲರಿ ಬಿಚ್ಚಿ ನೋಡಿದರೆ, ಮುರಕಲ್ಲು ಅವರು ಊಹಿಸಿದಂತೆ, ಯಾವ ವಾಲ್ವೂ ಇರಲಿಲ್ಲ. ಅವರ ಇನ್ನೊಂದು ಎಚ್ಚರಿಕೆಯೂ ಉಪಯೋಗಕ್ಕೆ ಬಂತು. ಪಂಪಿನ ಕೋಣೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ತೋಟದ ದೀಪಕ್ಕೆಂದು ಎಳೆದಿದ್ದ ಬೇರೊಂದು ತಂತಿಯಲ್ಲಿ ಕರೆಂಟು ಹರಿಯುತ್ತಿತ್ತು. ಎಲೆಕ್ಟ್ರಿಷಿಯನ್ನನು ಮುಖ್ಯ ಪೆಟ್ಟಿಗೆಯಿಂದಲೇ ಬಿಚ್ಚಿದ ಮೇಲೆಯೇ ಬ್ರೇಕರ್ ಚಾಲೂ ಮಾಡಿಸಿದೆ. ತಳದಲ್ಲಿ ಹನ್ನೊಂದು ತೂತುಗಳು. ಗೋಡೆ ಒಡೆಯುವಾಗ ಅಡುಗೆಮನೆಯ ಮಾಡಿನಿಂದ ನಾಲ್ಕು ಹೆಂಚುಗಳು ಜಾರಿದವು, ಗೋಡೆಗಳಲ್ಲಿ ಹೊಸ ಬಿರುಕೇನೂ ಕಾಣಲಿಲ್ಲ.

ಮಣ್ಣಿಗೆ ಹೆಚ್ಚು ದಿನ ಹಿಡಿಯಿತು. ಪರವಾನಗಿ ಚೀಟಿ ತೋರಿಸಿದ ಒಬ್ಬರಿಂದ ಇಪ್ಪತ್ತೆರಡು ಲೋಡು ತರಿಸಿದೆ. ಗೇಟಿನಿಂದ ಗುಂಡಿಯವರೆಗೆ ಎಲ್ಲವನ್ನೂ ಕೈಗಾಡಿಯಲ್ಲೇ ಸಾಗಿಸಬೇಕಾಯಿತು. ದಮ್ಮಸು ಯಂತ್ರದ ಬಾಡಿಗೆಯನ್ನು ಉಳಿಸಲೆಂದು ಮೇಸ್ತ್ರಿಯು ಎರಡು ಪದರಗಳನ್ನು ಒಟ್ಟಿಗೆ ಹಾಕಲು ಎರಡು ಸಲ ಪ್ರಯತ್ನಿಸಿದ. ನಾನು ಕುರ್ಚಿ ಹಾಕಿಕೊಂಡು ಅಲ್ಲೇ ಕುಳಿತೆ. ಬಾವಿಯ ಕಡೆಯ ಮೂಲೆಯಲ್ಲಿ ಜಲ್ಲಿಯ ಇಂಗುಗುಂಡಿ ಮಾಡಿಸಿದ್ದೇವೆ. ಮೇ 6ಕ್ಕೆ ಕೆಲಸ ಮುಗಿಯಿತು.

ನಿನ್ನೆ, ಮೂರು ದಿನ ಬಿಡದೆ ಸುರಿದ ಮಳೆ ಹೊಳವಾದಾಗ, ಅದೇ ಹಗ್ಗವನ್ನು ಬಾವಿಗೆ ಇಳಿಸಿದೆ. ನೀರು ನೆಲಮಟ್ಟದಿಂದ 60 ಸೆಂಟಿಮೀಟರ್ ಕೆಳಗಿತ್ತು. ಖಾಲಿ ಮಾಡಿ ಬಿಡಿ ಎಂದಿದ್ದ ಪಕ್ಕದ ಮನೆಯವರೂ ಆಗ ಜೊತೆಯಲ್ಲಿದ್ದರು; ಖಾಲಿ ತೊಟ್ಟಿ ಏಳುವ ಆ 70 ಸೆಂಟಿಮೀಟರಿನ ಲೆಕ್ಕವನ್ನು ಅವರಿಗೆ ಹಗ್ಗದ ಗಂಟು ತೋರಿಸಿಯೇ ವಿವರಿಸಿದೆ. ಮುಚ್ಚಿದ ಜಾಗದ ನಡುವೆ ನೆಲ ಎರಡು ಬೆರಳು ಕುಸಿದಿದೆ. ಅದಕ್ಕೆಂದು ಗೇಟಿನ ಬಳಿ ಉಳಿಸಿಕೊಂಡಿದ್ದ ಮಣ್ಣಿನ ಗುಡ್ಡೆಯಲ್ಲಿ ನಾಲ್ಕು ಕೈಗಾಡಿಯಷ್ಟು ಇನ್ನೂ ಇದೆ. ನೆಲ ಒಣಗಿದ ಮೇಲೆ, ಅಕ್ಟೋಬರಿನಲ್ಲಿ, ಹಾಕಿಸಬೇಕು.